ವ್ಯವಹಾರ ಕರಾರುಗಳಲ್ಲಿನ ಗೌಪ್ಯತಾ ಷರತ್ತು ಮತ್ತು ಅದರ ವಿನಾಯಿತಿಗಳು: ಅರಸೀಕೆರೆ, ಬೇಲೂರು ಹಾಗೂ ಹಳೇಬೀಡು ಭಾಗದ ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಅರಸೀಕೆರೆಯ ಕೊಬ್ಬರಿ ವಹಿವಾಟು, ಬೇಲೂರು ತಾಲ್ಲೂಕಿನ ಅರೇಹಳ್ಳಿ ಮತ್ತು ಬಿಕ್ಕೋಡು ಹೋಬಳಿಗಳ ಕಾಫಿ ತೋಟಗಳು, ಬೇಲೂರು ಹಾಗೂ ಹಳೇಬೀಡಿನ ದೇವಾಲಯಗಳನ್ನು ಆಶ್ರಯಿಸಿರುವ ಪ್ರವಾಸೋದ್ಯಮ, ಈ ಭಾಗದ ನೀರಾವರಿ ಮತ್ತು ರಸ್ತೆ ಕಾಮಗಾರಿಗಳು ಬಹುಮಟ್ಟಿಗೆ ಲಿಖಿತ ಕರಾರುಗಳ ಆಧಾರದ ಮೇಲೆ ನಡೆಯುತ್ತವೆ. ಇಂತಹ ಕರಾರುಗಳಲ್ಲಿ "ಈ ಕರಾರಿನ ವಿಷಯಗಳನ್ನು ಯಾರಿಗೂ ತಿಳಿಸತಕ್ಕದ್ದಲ್ಲ" ಎಂಬ ಷರತ್ತು ಈಗ ಸಾಮಾನ್ಯವಾಗಿದೆ.

ಈ ಷರತ್ತಿನಿಂದ ಎರಡು ಬಗೆಯ ತೊಂದರೆಗಳು ಉದ್ಭವಿಸುತ್ತವೆ. ಒಂದು, ಸಹಿ ಮಾಡಿದ ರೈತರು, ನೌಕರರು ಅಥವಾ ಸಣ್ಣ ಉದ್ದಿಮೆದಾರರು ತಮಗಾದ ಅನ್ಯಾಯವನ್ನು ಅಧಿಕಾರಿಗಳಿಗೆ ತಿಳಿಸಲೂ ಹಿಂಜರಿಯುತ್ತಾರೆ. ಎರಡು, ತಮ್ಮ ಊರಿನ ಕಾಮಗಾರಿಯ ಕರಾರಿನ ಪ್ರತಿ ಕೇಳಿದ ನಾಗರಿಕರಿಗೆ "ಇದು ಗೌಪ್ಯ, ಗುತ್ತಿಗೆದಾರರ ಒಪ್ಪಿಗೆ ಇಲ್ಲ" ಎಂಬ ಉತ್ತರ ದೊರೆಯುತ್ತದೆ.

ಈ ಎರಡೂ ಸಂದರ್ಭಗಳಿಗೆ ಅನ್ವಯಿಸುವ ಮೂಲತತ್ತ್ವ ಒಂದೇ ಆಗಿರುತ್ತದೆ. ಪಕ್ಷಕಾರರು ತಮ್ಮೊಳಗೆ ಮಾಡಿಕೊಂಡ ಗೌಪ್ಯತಾ ಷರತ್ತು ದೇಶದ ಕಾನೂನನ್ನು ಮೀರುವಂತಿಲ್ಲ. ಅದೇ ವೇಳೆಗೆ, ನ್ಯಾಯಬದ್ಧವಾದ ವ್ಯಾಪಾರ ರಹಸ್ಯಕ್ಕೆ ಕಾನೂನಿನ ರಕ್ಷಣೆಯೂ ಉಂಟು. ಯಾವುದನ್ನು, ಯಾರಿಗೆ, ಎಷ್ಟರ ಮಟ್ಟಿಗೆ ತಿಳಿಸಬಹುದು ಎಂಬುದನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಮುಂದೆ ವಿವರಿಸಲಾಗಿದೆ.

2. ಗೌಪ್ಯತಾ ಷರತ್ತು ಎಂದರೇನು?

ವ್ಯವಹಾರದ ನಿಮಿತ್ತ ಒಬ್ಬರು ಇನ್ನೊಬ್ಬರಿಗೆ ನಂಬಿಕೆಯಿಂದ ಒದಗಿಸಿದ ಮಾಹಿತಿಯನ್ನು ಬಹಿರಂಗಪಡಿಸದಿರಲು ಹಾಗೂ ಅನ್ಯ ಉದ್ದೇಶಕ್ಕೆ ಬಳಸದಿರಲು ಒಪ್ಪುವ ನಿಬಂಧನೆಯೇ ಗೌಪ್ಯತಾ ಷರತ್ತು. ಕಾಫಿ ಪುಡಿಯ ಮಿಶ್ರಣದ ಹದ, ಗ್ರಾಹಕರ ಪಟ್ಟಿ, ಖರೀದಿ ದರದ ಲೆಕ್ಕಾಚಾರ, ಯಂತ್ರದ ವಿನ್ಯಾಸ, ಇನ್ನೂ ಸಲ್ಲಿಸದ ಟೆಂಡರಿನ ದರ ಮುಂತಾದವು ಇದರ ವ್ಯಾಪ್ತಿಗೆ ಬರಬಹುದು.

ಇಂತಹ ಮಾಹಿತಿಗೆ ರಕ್ಷಣೆ ಕೋರುವವರು ಸಾಮಾನ್ಯವಾಗಿ ಮೂರು ಅಂಶಗಳನ್ನು ನ್ಯಾಯಾಲಯಕ್ಕೆ ಮನದಟ್ಟು ಮಾಡಿಕೊಡಬೇಕಾಗುತ್ತದೆ:

(ಅ) ಮಾಹಿತಿಯು ಸ್ವಭಾವತಃ ಗೌಪ್ಯವಾದುದು, ಎಲ್ಲರಿಗೂ ತಿಳಿದಿರುವಂಥದ್ದಲ್ಲ;
(ಆ) ಅದನ್ನು ನಂಬಿಕೆಯ ಸನ್ನಿವೇಶದಲ್ಲಿ ಒದಗಿಸಲಾಗಿತ್ತು;
(ಇ) ಅದನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಅಥವಾ ಬಳಸುವ ಸಂಭವವಿದೆ.

ಆದುದರಿಂದ ಕಾಗದದ ಮೇಲ್ಭಾಗದಲ್ಲಿ "ಗೌಪ್ಯ" ಎಂದು ಮುದ್ರಿಸಿದ ಮಾತ್ರಕ್ಕೆ ಅದರಲ್ಲಿರುವುದೆಲ್ಲವೂ ಗೌಪ್ಯವಾಗುವುದಿಲ್ಲ.

3. ಕಾನೂನಿನ ನೆಲೆ

ಭಾರತದಲ್ಲಿ ವ್ಯಾಪಾರ ರಹಸ್ಯಗಳಿಗೆಂದೇ ರೂಪಿಸಿದ ಪ್ರತ್ಯೇಕ ಅಧಿನಿಯಮವಿಲ್ಲ. 22ನೇ ಕಾನೂನು ಆಯೋಗವು 2024ರಲ್ಲಿ ಸಲ್ಲಿಸಿದ 289ನೇ ವರದಿಯಲ್ಲಿ ಇಂತಹ ಕಾನೂನನ್ನು ರಚಿಸುವಂತೆಯೂ, ಅಕ್ರಮಗಳನ್ನು ಬಯಲಿಗೆಳೆಯುವವರಿಗೆ ಹಾಗೂ ಸಾರ್ವಜನಿಕ ಹಿತಾಸಕ್ತಿಯ ಸಂದರ್ಭಗಳಿಗೆ ಅದರಲ್ಲಿ ವಿನಾಯಿತಿ ಕಲ್ಪಿಸುವಂತೆಯೂ ಶಿಫಾರಸು ಮಾಡಿದೆ. ಸದ್ಯದಲ್ಲಿ ಖಾಸಗಿ ಕರಾರುಗಳಿಗೆ ಮುಖ್ಯವಾಗಿ ಭಾರತೀಯ ಕರಾರು ಅಧಿನಿಯಮ, 1872ರ ಈ ಕೆಳಕಂಡ ಉಪಬಂಧಗಳು ಅನ್ವಯಿಸುತ್ತವೆ.

ಕಲಂ 23: ಕರಾರಿನ ಉದ್ದೇಶವು ಕಾನೂನು ನಿಷೇಧಿಸಿದ್ದಾಗಿದ್ದರೆ, ಯಾವುದೇ ಕಾನೂನನ್ನು ನಿಷ್ಫಲಗೊಳಿಸುವಂಥದ್ದಾಗಿದ್ದರೆ, ವಂಚನೆಯಿಂದ ಕೂಡಿದ್ದರೆ, ಇನ್ನೊಬ್ಬರ ದೇಹಕ್ಕೆ ಅಥವಾ ಸ್ವತ್ತಿಗೆ ಹಾನಿ ತರುವಂತಿದ್ದರೆ, ಅನೈತಿಕವಾಗಿದ್ದರೆ ಅಥವಾ ಸಾರ್ವಜನಿಕ ನೀತಿಗೆ ವಿರುದ್ಧವಾಗಿದ್ದರೆ ಅಂತಹ ಕರಾರು ಅನೂರ್ಜಿತವಾಗುತ್ತದೆ. ಅಪರಾಧವನ್ನು ಮುಚ್ಚಿಡಲು ಮಾಡಿಕೊಂಡ ಗೌಪ್ಯತೆಯ ಒಪ್ಪಂದ ಈ ಕಲಮಿನಡಿ ನಿಲ್ಲಲಾರದು.

ಕಲಂ 27: ನ್ಯಾಯಸಮ್ಮತ ವೃತ್ತಿ, ವ್ಯಾಪಾರ ಅಥವಾ ಉದ್ಯೋಗ ಕೈಗೊಳ್ಳದಂತೆ ಒಬ್ಬರನ್ನು ತಡೆಯುವ ಕರಾರು ಆ ಮಟ್ಟಿಗೆ ಅನೂರ್ಜಿತ.

ಕಲಂ 28: ತನ್ನ ಹಕ್ಕಿಗಾಗಿ ನ್ಯಾಯಾಲಯದ ಮೊರೆಹೋಗದಂತೆ ಸಂಪೂರ್ಣವಾಗಿ ನಿರ್ಬಂಧಿಸುವ ಕರಾರು ಆ ಮಟ್ಟಿಗೆ ಅನೂರ್ಜಿತ. ವಿವಾದವನ್ನು ಮಧ್ಯಸ್ಥಿಕೆಗೆ ಒಪ್ಪಿಸುವ ಒಪ್ಪಂದಕ್ಕೆ ಮಾತ್ರ ಇದು ಅನ್ವಯಿಸುವುದಿಲ್ಲ.

ಕಲಂ 73 ಮತ್ತು 74: ಕರಾರು ಭಂಗಕ್ಕೆ ಪರಿಹಾರ ನೀಡುವ ಬಗೆಯನ್ನು ಇವು ತಿಳಿಸುತ್ತವೆ. ಕರಾರಿನಲ್ಲಿ ದಂಡದ ಮೊತ್ತವನ್ನು ನಮೂದಿಸಿದ್ದರೂ ನ್ಯಾಯಾಲಯವು ಆ ಮೊತ್ತವನ್ನು ಮೀರದಂತೆ ಸಮಂಜಸ ಪರಿಹಾರವನ್ನು ಮಾತ್ರ ಕೊಡಿಸುತ್ತದೆ.

4. ಸಾಮಾನ್ಯವಾಗಿ ಅನ್ವಯಿಸುವ ವಿನಾಯಿತಿಗಳು

ಬ್ಯಾಂಕು ತನ್ನ ಗ್ರಾಹಕರ ಬಗ್ಗೆ ಪಾಲಿಸಬೇಕಾದ ಗೌಪ್ಯತೆಯನ್ನು ಕುರಿತು ಇಂಗ್ಲೆಂಡಿನ ನ್ಯಾಯಾಲಯವು 1924ರ ಟೂರ್ನಿಯರ್ ಪ್ರಕರಣದಲ್ಲಿ ನಾಲ್ಕು ವಿನಾಯಿತಿಗಳನ್ನು ಗುರುತಿಸಿತು: ಕಾನೂನಿನ ಒತ್ತಾಯ, ಸಾರ್ವಜನಿಕರ ಬಗೆಗಿನ ಕರ್ತವ್ಯ, ಬ್ಯಾಂಕಿನ ಸ್ವಂತ ಹಿತರಕ್ಷಣೆ ಹಾಗೂ ಗ್ರಾಹಕರ ಒಪ್ಪಿಗೆ. ಭಾರತದಲ್ಲಿಯೂ ಬ್ಯಾಂಕಿಂಗ್ ಗೌಪ್ಯತೆಯ ಚರ್ಚೆಯಲ್ಲಿ ಈ ನಾಲ್ಕನ್ನು ಉಲ್ಲೇಖಿಸಲಾಗುತ್ತದೆ. ಇತರ ವ್ಯವಹಾರ ಕರಾರುಗಳಲ್ಲಿ ಕಂಡುಬರುವ ವಿನಾಯಿತಿಗಳು ಈ ಕೆಳಗಿನಂತಿವೆ.

4.1 ಈಗಾಗಲೇ ಬಹಿರಂಗವಾಗಿರುವ ಮಾಹಿತಿ

ಅರಸೀಕೆರೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಪ್ರಾಂಗಣದಲ್ಲಿ ಪ್ರಕಟವಾದ ಆ ದಿನದ ಉಂಡೆ ಕೊಬ್ಬರಿ ಧಾರಣೆ ರಹಸ್ಯವಲ್ಲ. ಕರಾರಿನಲ್ಲಿ ಅದನ್ನೂ ಗೌಪ್ಯವೆಂದು ಬರೆದಿದ್ದರೂ ಪ್ರಯೋಜನವಿಲ್ಲ. ಆದರೆ ಮಾಹಿತಿಯನ್ನು ಪಡೆದವರೇ ಷರತ್ತನ್ನು ಮುರಿದು ಅದನ್ನು ಹೊರಹಾಕಿ, ನಂತರ "ಈಗ ಇದು ಎಲ್ಲರಿಗೂ ತಿಳಿದಿದೆ" ಎಂದು ವಾದಿಸಲು ಬರುವುದಿಲ್ಲ.

4.2 ಮೊದಲೇ ತಿಳಿದಿದ್ದ ಅಥವಾ ಸ್ವತಂತ್ರವಾಗಿ ಪಡೆದ ಮಾಹಿತಿ

ಕರಾರಿಗೆ ಮುಂಚೆಯೇ ತಿಳಿದಿದ್ದ, ಬೇರೆಯವರಿಂದ ನ್ಯಾಯಯುತವಾಗಿ ದೊರೆತ ಅಥವಾ ಸ್ವಂತ ಶ್ರಮದಿಂದ ಕಂಡುಕೊಂಡ ಮಾಹಿತಿಗೆ ಷರತ್ತು ಅನ್ವಯಿಸದೆಂದು ಕರಾರುಗಳಲ್ಲಿ ಬರೆಯುವುದು ವಾಡಿಕೆ. ತಲೆಮಾರುಗಳಿಂದ ತೋಟಗಾರಿಕೆ ಮಾಡುತ್ತ ಬಂದ ಕುಟುಂಬದ ಕಾಫಿ ಒಣಗಿಸುವ ವಿಧಾನವು ಖರೀದಿದಾರರ ಕರಾರಿಗೆ ಸಹಿ ಮಾಡಿದ ಮಾತ್ರಕ್ಕೆ ಅವರ ರಹಸ್ಯವಾಗುವುದಿಲ್ಲ. ಇದನ್ನು ರುಜುವಾತುಪಡಿಸಲು ಹಳೆಯ ಲೆಕ್ಕಪುಸ್ತಕ, ಪತ್ರವ್ಯವಹಾರ ಮತ್ತು ದಿನಾಂಕವಿರುವ ಛಾಯಾಚಿತ್ರಗಳನ್ನು ಕಾಯ್ದಿಟ್ಟುಕೊಳ್ಳುವುದು ಸೂಕ್ತ.

4.3 ಒಪ್ಪಿಗೆ

ಮಾಹಿತಿಯನ್ನು ಒದಗಿಸಿದವರು ಒಪ್ಪಿದಲ್ಲಿ ಅದನ್ನು ತಿಳಿಸಬಹುದು. ಒಪ್ಪಿಗೆಯನ್ನು ಲಿಖಿತವಾಗಿ ಪಡೆಯತಕ್ಕದ್ದು. ಬ್ಯಾಂಕ್ ಸಾಲದ ಅರ್ಜಿಗೆ ಸಹಿ ಮಾಡುವಾಗ, ಸಾಲದ ವಿವರವನ್ನು ಸಾಲ ಮಾಹಿತಿ ಸಂಸ್ಥೆಗಳಿಗೆ ನೀಡಲು ಅರ್ಜಿದಾರರು ಒಪ್ಪಿಗೆ ಕೊಡುವುದನ್ನು ಇದಕ್ಕೆ ಉದಾಹರಣೆಯಾಗಿ ನೋಡಬಹುದು.

4.4 ವೃತ್ತಿಪರ ಸಲಹೆ

ವಕೀಲರು, ಲೆಕ್ಕಪರಿಶೋಧಕರು ಮುಂತಾದ ವೃತ್ತಿಪರರಿಗೆ, ಸಲಹೆಗೆ ಅವಶ್ಯವಿರುವಷ್ಟು ಮಾಹಿತಿಯನ್ನು ನೀಡಲು ಕರಾರಿನಲ್ಲಿಯೇ ಅವಕಾಶವಿರಿಸಿಕೊಳ್ಳುವುದು ಒಳಿತು. ವಕೀಲರು ಮತ್ತು ಕಕ್ಷಿದಾರರ ನಡುವಿನ ಸಂವಹನಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರಲ್ಲಿ ರಕ್ಷಣೆಯಿದೆ. ಕಾನೂನುಬಾಹಿರ ಉದ್ದೇಶಕ್ಕಾಗಿ ನಡೆದ ಸಂವಹನಕ್ಕೆ ಆ ರಕ್ಷಣೆ ದೊರೆಯುವುದಿಲ್ಲ.

4.5 ಕಾನೂನಿನ ಆದೇಶ

ನ್ಯಾಯಾಲಯ ಅಥವಾ ಸಕ್ಷಮ ಪ್ರಾಧಿಕಾರ ದಾಖಲೆಯನ್ನು ಹಾಜರುಪಡಿಸಲು ಆದೇಶಿಸಿದಾಗ ಖಾಸಗಿ ಗೌಪ್ಯತಾ ಷರತ್ತು ತಡೆಯಾಗುವುದಿಲ್ಲ. ದಿನಾಂಕ 1-7-2024ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 94ರಡಿ ತನಿಖೆ ಅಥವಾ ವಿಚಾರಣೆಗೆ ಅವಶ್ಯವಾದ ದಾಖಲೆಗಳನ್ನು, ವಿದ್ಯುನ್ಮಾನ ದಾಖಲೆಗಳೂ ಸೇರಿದಂತೆ, ಕೇಳಲು ಅವಕಾಶವಿದೆ. ತೆರಿಗೆ ಅಧಿಕಾರಿಗಳಿಗೂ ಆಯಾ ಅಧಿನಿಯಮಗಳಡಿ ಇಂತಹ ಅಧಿಕಾರಗಳಿವೆ.

ಇಂತಹ ಆದೇಶ ಬಂದಾಗ ಪಾಲಿಸಬೇಕಾದ ಕ್ರಮ: ಆದೇಶವು ಲಿಖಿತವಾಗಿದೆಯೇ, ಯಾವ ಕಾನೂನಿನಡಿ ಹೊರಟಿದೆ ಎಂಬುದನ್ನು ನೋಡಿಕೊಳ್ಳುವುದು, ಕಾನೂನು ನಿಷೇಧಿಸದಿದ್ದಲ್ಲಿ ಇನ್ನೊಂದು ಪಕ್ಷಕಾರರಿಗೆ ತಿಳಿಸುವುದು, ಕೇಳಿದಷ್ಟನ್ನು ಮಾತ್ರ ಒದಗಿಸಿ ಸ್ವೀಕೃತಿ ಪಡೆಯುವುದು.

4.6 ಅಪರಾಧ ಮತ್ತು ಅನ್ಯಾಯದ ಕೃತ್ಯಗಳು

1856ರಲ್ಲಿ ಇಂಗ್ಲೆಂಡಿನಲ್ಲಿ ತೀರ್ಮಾನವಾದ ಗಾರ್ಟ್‌ಸೈಡ್ ವಿರುದ್ಧ ಔಟ್ರಮ್ ಪ್ರಕರಣವು ಉಣ್ಣೆ ದಲ್ಲಾಳಿಗಳ ಸಂಸ್ಥೆಯೊಂದಕ್ಕೆ ಸಂಬಂಧಿಸಿದ್ದು. ಸಂಸ್ಥೆಯು ಗ್ರಾಹಕರನ್ನು ವಂಚಿಸುತ್ತಿದೆ ಎಂದು ಅದರ ಹಿಂದಿನ ಗುಮಾಸ್ತರು ಆಪಾದಿಸಿದ್ದರು. ಅವರು ವ್ಯವಹಾರದ ವಿಷಯಗಳನ್ನು ಹೊರಗೆಡಹದಂತೆ ತಡೆಯಬೇಕೆಂದು ಸಂಸ್ಥೆ ಕೋರಿತ್ತು. ಅನ್ಯಾಯದ ಕೃತ್ಯವನ್ನು ಬಚ್ಚಿಡುವ ಹೊಣೆಯನ್ನು ಯಾರ ಮೇಲೂ ಹೊರಿಸಲಾಗದೆಂಬ ತತ್ತ್ವವು ಅಂದಿನಿಂದ ನೆಲೆಗೊಂಡಿದೆ. ಕರಾರು ಅಧಿನಿಯಮದ ಕಲಂ 23ರ ಆಶಯವೂ ಇದಕ್ಕೆ ಹೊಂದಿಕೊಳ್ಳುತ್ತದೆ.

ಆಹಾರ ಪದಾರ್ಥ ಮತ್ತು ಔಷಧಗಳ ಕಲಬೆರಕೆಯೂ ಸೇರಿದಂತೆ ಕೆಲವು ನಿರ್ದಿಷ್ಟ ಅಪರಾಧಗಳು ತಿಳಿದುಬಂದಾಗ ಪೊಲೀಸರಿಗೆ ಅಥವಾ ಮ್ಯಾಜಿಸ್ಟ್ರೇಟರಿಗೆ ತಿಳಿಸುವುದನ್ನು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 33 ಪ್ರತಿಯೊಬ್ಬರ ಕರ್ತವ್ಯವನ್ನಾಗಿ ಮಾಡಿದೆ. ಸಾರ್ವಜನಿಕ ನೌಕರರ ಭ್ರಷ್ಟಾಚಾರದ ಬಗ್ಗೆ ಕರ್ನಾಟಕ ಲೋಕಾಯುಕ್ತಕ್ಕೆ ದೂರು ನೀಡಬಹುದು. ಕಂಪನಿಗಳ ಅಧಿನಿಯಮ, 2013ರ ಕಲಂ 177ರಡಿ ಷೇರುಪೇಟೆಯಲ್ಲಿ ನೋಂದಾಯಿತವಾದ ಹಾಗೂ ನಿಯಮಗಳಲ್ಲಿ ಗೊತ್ತುಪಡಿಸಿದ ಕಂಪನಿಗಳು ನೌಕರರ ದೂರುಗಳಿಗಾಗಿ ಒಳ ವ್ಯವಸ್ಥೆಯನ್ನು ಹೊಂದಿರಬೇಕಾಗುತ್ತದೆ.

4.7 ಸ್ವಂತ ಹಕ್ಕಿನ ರಕ್ಷಣೆ

ಬರಬೇಕಾದ ಹಣಕ್ಕಾಗಿ ದಾವೆ ಹೂಡುವಾಗ ಅಥವಾ ತಮ್ಮ ಮೇಲಿನ ದಾವೆಗೆ ಉತ್ತರಿಸುವಾಗ ಕರಾರನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವುದು ಗೌಪ್ಯತೆಯ ಉಲ್ಲಂಘನೆಯಲ್ಲ. ಮಧ್ಯಸ್ಥಿಕೆ ಮತ್ತು ರಾಜಿ ಅಧಿನಿಯಮ, 1996ಕ್ಕೆ 2019ರಲ್ಲಿ ಸೇರಿಸಿದ ಕಲಂ 42ಎ ಮಧ್ಯಸ್ಥಿಕೆಯ ನಡವಳಿಗಳನ್ನು ಗೌಪ್ಯವಾಗಿಡುವಂತೆ ವಿಧಿಸಿದೆಯಾದರೂ, ಐತೀರ್ಪಿನ ಜಾರಿಗೆ ಅವಶ್ಯವಿದ್ದಲ್ಲಿ ಅದನ್ನು ಬಹಿರಂಗಪಡಿಸಲು ಅವಕಾಶ ಕಲ್ಪಿಸಿದೆ.

5. ಸರ್ಕಾರದ ಕರಾರುಗಳು ಮತ್ತು ಮಾಹಿತಿ ಹಕ್ಕು

ಮೇಲ್ಕಂಡ ವಿವರಗಳು ಖಾಸಗಿ ಪಕ್ಷಕಾರರಿಗೆ ಸಂಬಂಧಿಸಿದವು. ಸಾರ್ವಜನಿಕ ಹಣದಿಂದ ನಡೆಯುವ ಕಾಮಗಾರಿ ಮತ್ತು ಖರೀದಿಗಳಿಗೆ ಇವುಗಳ ಜೊತೆಗೆ ಮಾಹಿತಿ ಹಕ್ಕು ಅಧಿನಿಯಮ, 2005 ಅನ್ವಯಿಸುತ್ತದೆ. ಈ ಅಧಿನಿಯಮವು ದಿನಾಂಕ 12-10-2005ರಿಂದ ಪೂರ್ಣವಾಗಿ ಜಾರಿಗೆ ಬಂದಿದ್ದು, ಇತರ ಕಾನೂನುಗಳಲ್ಲಿ ಇದಕ್ಕೆ ಅಸಂಗತವಾದುದು ಏನೇ ಇದ್ದರೂ ಇದರ ಉಪಬಂಧಗಳೇ ಮೇಲುಗೈ ಪಡೆಯುತ್ತವೆಂದು ಕಲಂ 22 ತಿಳಿಸುತ್ತದೆ. ಕಚೇರಿ ಮತ್ತು ಗುತ್ತಿಗೆದಾರರು ಸೇರಿ ಬರೆದುಕೊಂಡ ಷರತ್ತು ಮಾತ್ರವೇ ಮಾಹಿತಿ ನಿರಾಕರಣೆಗೆ ಆಧಾರವಾಗುವುದಿಲ್ಲ. ನಿರಾಕರಣೆಗೆ ಅಧಿನಿಯಮದಲ್ಲಿಯೇ ಆಧಾರವಿರಬೇಕು.

5.1 ಕಲಂ 8(1)(ಡಿ)

ವಾಣಿಜ್ಯ ಗೌಪ್ಯತೆ, ವ್ಯಾಪಾರ ರಹಸ್ಯ ಅಥವಾ ಬೌದ್ಧಿಕ ಆಸ್ತಿಗೆ ಸಂಬಂಧಿಸಿದ ಮಾಹಿತಿಯ ಬಹಿರಂಗದಿಂದ ಮೂರನೇ ವ್ಯಕ್ತಿಯ ಸ್ಪರ್ಧಾತ್ಮಕ ಸ್ಥಾನಕ್ಕೆ ಹಾನಿಯಾಗುವುದಿದ್ದಲ್ಲಿ ಅದನ್ನು ನಿರಾಕರಿಸಬಹುದು. ವಿಶಾಲ ಸಾರ್ವಜನಿಕ ಹಿತಾಸಕ್ತಿಯು ಬಹಿರಂಗವನ್ನು ಬೇಡುತ್ತದೆಂದು ಸಕ್ಷಮ ಪ್ರಾಧಿಕಾರಕ್ಕೆ ಮನವರಿಕೆಯಾದರೆ ಅದನ್ನೂ ನೀಡಬಹುದು. ಕಲಂ 8(2)ರಲ್ಲಿಯೂ ಸಾರ್ವಜನಿಕ ಹಿತಾಸಕ್ತಿಯ ತುಲನೆಗೆ ಅವಕಾಶವಿದೆ.

5.2 ಟೆಂಡರಿಗೆ ಮುನ್ನ ಮತ್ತು ನಂತರ

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಹಾಗೂ ಅದರಡಿಯ ನಿಯಮಗಳ ಪ್ರಕಾರ ಟೆಂಡರ್ ಪರಿಶೀಲನೆಯ ಪ್ರಕ್ರಿಯೆಯು ಗುತ್ತಿಗೆ ನೀಡಿಕೆಯನ್ನು ಪ್ರಕಟಿಸುವವರೆಗೆ ಗೌಪ್ಯವಾಗಿರುತ್ತದೆ. ಸ್ಪರ್ಧೆಯು ನ್ಯಾಯಯುತವಾಗಿ ನಡೆಯಲು ಇದು ಅವಶ್ಯ. ಟೆಂಡರ್ ಅಂಗೀಕಾರವಾದ ಬಳಿಕ ಈ ಕಾರಣ ಉಳಿಯುವುದಿಲ್ಲ. ಗುತ್ತಿಗೆಯ ತೀರ್ಮಾನವಾದ ಮೇಲೆ ಟೆಂಡರ್ ದಾಖಲೆಗಳನ್ನು ರಹಸ್ಯವಾಗಿಡಲು ಸಮರ್ಥನೆಯಿಲ್ಲವೆಂಬ ಅಭಿಪ್ರಾಯವನ್ನು ಜಾರ್ಖಂಡ್ ಉಚ್ಚ ನ್ಯಾಯಾಲಯವೂ ವ್ಯಕ್ತಪಡಿಸಿದೆ.

5.3 ಭಾಗಶಃ ಮಾಹಿತಿ

ಕಡತದ ಒಂದು ಭಾಗ ಗೌಪ್ಯವಾಗಿದ್ದ ಮಾತ್ರಕ್ಕೆ ಇಡೀ ಕಡತವನ್ನು ನಿರಾಕರಿಸುವಂತಿಲ್ಲ. ಕಲಂ 10ರ ಮೇರೆಗೆ ಗೌಪ್ಯ ಭಾಗವನ್ನು ಪ್ರತ್ಯೇಕಿಸಿ ಉಳಿದುದನ್ನು ನೀಡಬೇಕು. ಗುತ್ತಿಗೆದಾರರ ತಾಂತ್ರಿಕ ವಿನ್ಯಾಸವನ್ನು ತಡೆಹಿಡಿದರೂ ಕಾರ್ಯಾದೇಶ, ಅಂದಾಜು ಪಟ್ಟಿ, ಅಳತೆ ಪುಸ್ತಕ ಮತ್ತು ಪಾವತಿಸಿದ ಬಿಲ್ಲುಗಳ ಪ್ರತಿಗಳನ್ನು ನೀಡಲು ಅಡ್ಡಿಯಿರುವುದಿಲ್ಲ.

5.4 ಇಪ್ಪತ್ತು ವರ್ಷಗಳ ನಂತರ

ಕಲಂ 8(3)ರ ಪ್ರಕಾರ, ಕೋರಿಕೆಯ ದಿನಾಂಕಕ್ಕೆ 20 ವರ್ಷಗಳ ಹಿಂದೆ ನಡೆದ ಘಟನೆ ಅಥವಾ ವಿಷಯಕ್ಕೆ ಸಂಬಂಧಿಸಿದ ಮಾಹಿತಿಗೆ ವಾಣಿಜ್ಯ ಗೌಪ್ಯತೆಯ ಕಾರಣ ಅನ್ವಯಿಸುವುದಿಲ್ಲ.

5.5 ವೈಯಕ್ತಿಕ ಮಾಹಿತಿ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ಮೂಲಕ ಕಲಂ 8(1)(ಜೆ)ಗೆ ಮಾಡಲಾದ ತಿದ್ದುಪಡಿಯು 2025ರ ನವೆಂಬರ್ ತಿಂಗಳಿನಲ್ಲಿ ಜಾರಿಗೆ ಬಂದಿದೆ. ಇದರಿಂದ ವೈಯಕ್ತಿಕ ಮಾಹಿತಿಯ ವಿನಾಯಿತಿ ಹಿಂದಿಗಿಂತ ವಿಸ್ತಾರವಾಗಿದೆ. ಆದಕಾರಣ ಅರ್ಜಿದಾರರು ವ್ಯಕ್ತಿಗಳ ದೂರವಾಣಿ, ಬ್ಯಾಂಕ್ ಖಾತೆ ಮುಂತಾದ ವಿವರಗಳನ್ನು ಕೇಳದೆ, ಕಾಮಗಾರಿಯ ದಾಖಲೆಗಳನ್ನು ಮಾತ್ರ ನಿರ್ದಿಷ್ಟವಾಗಿ ಕೇಳುವುದು ಸೂಕ್ತ.

5.6 "ನಂಬಿಕೆಯ ಸಂಬಂಧ" ಎಂಬ ಕಾರಣ

ವಿಶ್ವಾಸದ ಸಂಬಂಧದಲ್ಲಿ ದೊರೆತ ಮಾಹಿತಿಗೆ ಕಲಂ 8(1)(ಇ) ವಿನಾಯಿತಿ ನೀಡುತ್ತದೆ. ಆದರೆ ಮೇಲ್ವಿಚಾರಣೆಯ ಅಧಿಕಾರದಿಂದ ಪಡೆದ ಮಾಹಿತಿ ಈ ವರ್ಗಕ್ಕೆ ಸೇರುವುದಿಲ್ಲ. ಬ್ಯಾಂಕುಗಳ ತಪಾಸಣಾ ವರದಿಗಳನ್ನು ಕುರಿತ ಜಯಂತಿಲಾಲ್ ಮಿಸ್ತ್ರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ, ಭಾರತೀಯ ರಿಸರ್ವ್ ಬ್ಯಾಂಕಿಗೂ ಇತರ ಬ್ಯಾಂಕುಗಳಿಗೂ ನಡುವೆ ಅಂತಹ ಸಂಬಂಧವಿಲ್ಲವೆಂದು ತೀರ್ಪು ನೀಡಿತು.

6. ಕರಾರಿನ ಪ್ರತಿ ಪಡೆಯುವ ವಿಧಾನ

6.1 ಯಾರಿಗೆ ಅರ್ಜಿ ಸಲ್ಲಿಸಬೇಕು?

ದಾಖಲೆ ಇರುವ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಯವರಿಗೆ ಸಲ್ಲಿಸತಕ್ಕದ್ದು. ಅರಸೀಕೆರೆ ನಗರಸಭೆ, ಬೇಲೂರು ಪುರಸಭೆ, ಲೋಕೋಪಯೋಗಿ ಇಲಾಖೆ ಮುಂತಾದ ಕಚೇರಿಗಳಲ್ಲಿ ಈ ಅಧಿಕಾರಿಗಳ ಹೆಸರು ಮತ್ತು ಪದನಾಮವನ್ನು ಪ್ರಕಟಿಸಿರಬೇಕು. ಗ್ರಾಮ ಪಂಚಾಯಿತಿಯ ಕಾಮಗಾರಿಗಳಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರನ್ನು ಸಂಪರ್ಕಿಸಬಹುದು. ಎತ್ತಿನಹೊಳೆ ಯೋಜನೆಯ ಕರಾರುಗಳು ಸರ್ಕಾರದ ಸ್ವಾಮ್ಯದ ವಿಶ್ವೇಶ್ವರಯ್ಯ ಜಲ ನಿಗಮ ನಿಯಮಿತಕ್ಕೆ ಸಂಬಂಧಿಸಿವೆ. ಈ ಯೋಜನೆಯ ಮೊದಲ ಹಂತವನ್ನು ದಿನಾಂಕ 6-9-2024ರಂದು ಉದ್ಘಾಟಿಸಲಾಯಿತು.

ಕೇಂದ್ರ ಮತ್ತು ರಾಜ್ಯದ ಕಚೇರಿಗಳ ವ್ಯತ್ಯಾಸವನ್ನು ಈ ಭಾಗದ ಅರ್ಜಿದಾರರು ವಿಶೇಷವಾಗಿ ಗಮನಿಸಬೇಕು. 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹೊಯ್ಸಳ ದೇವಾಲಯಗಳ ಪೈಕಿ ಬೇಲೂರಿನ ಚನ್ನಕೇಶವ ಹಾಗೂ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಗಳ ಸಂರಕ್ಷಣಾ ಕಾರ್ಯವು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಗೆ ಸೇರಿದೆ. ಅರಸೀಕೆರೆ ರೈಲ್ವೆ ಜಂಕ್ಷನ್ನಿನ ಗುತ್ತಿಗೆಗಳು ನೈಋತ್ಯ ರೈಲ್ವೆಗೆ ಸೇರಿವೆ. ಇವೆರಡೂ ಕೇಂದ್ರ ಸರ್ಕಾರದ ಪ್ರಾಧಿಕಾರಗಳಾದುದರಿಂದ ಎರಡನೇ ಮೇಲ್ಮನವಿಯು ಕೇಂದ್ರ ಮಾಹಿತಿ ಆಯೋಗಕ್ಕೆ ಹೋಗುತ್ತದೆ. ರಾಜ್ಯದ ಕಚೇರಿಗಳ ವಿಷಯದಲ್ಲಿ ಅದು ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗುತ್ತದೆ. ಅರ್ಜಿಯು ತಪ್ಪು ಕಚೇರಿಗೆ ತಲುಪಿದಲ್ಲಿ ಕಲಂ 6(3)ರಂತೆ 5 ದಿನಗಳೊಳಗೆ ಸಂಬಂಧಿಸಿದ ಪ್ರಾಧಿಕಾರಕ್ಕೆ ವರ್ಗಾಯಿಸಬೇಕು.

6.2 ಅರ್ಜಿ ಮತ್ತು ಶುಲ್ಕ

ರಾಜ್ಯದ ಕಚೇರಿಗಳಿಗೆ ನಮೂನೆ 'ಎ'ಯಲ್ಲಿ, 10 ರೂ. ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬೇಕು. ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಹಾಗೂ ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಪ್ರತಿ ಪುಟಕ್ಕೆ 2 ರೂ. ನಕಲು ಶುಲ್ಕವಿರುತ್ತದೆ. ಬಡತನ ರೇಖೆಗಿಂತ ಕೆಳಗಿರುವವರು ದಾಖಲೆ ಹಾಜರುಪಡಿಸಿದಲ್ಲಿ ಅರ್ಜಿ ಶುಲ್ಕವಿರುವುದಿಲ್ಲ. ಮಾಹಿತಿ ಏತಕ್ಕೆ ಬೇಕೆಂಬ ಕಾರಣವನ್ನು ತಿಳಿಸಬೇಕಾಗಿಲ್ಲ.

ಅರ್ಜಿಯಲ್ಲಿ "ಕಡತದ ಎಲ್ಲ ಮಾಹಿತಿ ಕೊಡಿ" ಎಂದು ಬರೆಯುವುದಕ್ಕಿಂತ, ಕಾಮಗಾರಿಯ ಹೆಸರು, ವರ್ಷ ಮತ್ತು ಬೇಕಾದ ದಾಖಲೆಯನ್ನು ಹೆಸರಿಸಿ ಕೇಳುವುದರಿಂದ ಉತ್ತರ ಬೇಗ ದೊರೆಯುತ್ತದೆ. ಕಾಮಗಾರಿಯನ್ನು ಪರಿಶೀಲಿಸಲು ಹಾಗೂ ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿಯನ್ನು ಪಡೆಯಲೂ ಅಧಿನಿಯಮದಲ್ಲಿ ಹಕ್ಕಿದೆ.

6.3 ಕಾಲಮಿತಿ

(ಅ) ಸಾಮಾನ್ಯ ಅರ್ಜಿಗೆ ಉತ್ತರ: 30 ದಿನಗಳು.
(ಆ) ಮೂರನೇ ವ್ಯಕ್ತಿಯು ಗೌಪ್ಯವೆಂದು ಪರಿಗಣಿಸಿ ನೀಡಿದ ಮಾಹಿತಿಯನ್ನು ಬಹಿರಂಗಪಡಿಸಲು ಉದ್ದೇಶಿಸಿದಲ್ಲಿ: ಕಲಂ 11ರಂತೆ ಅರ್ಜಿ ತಲುಪಿದ 5 ದಿನಗಳೊಳಗೆ ಅವರಿಗೆ ನೋಟೀಸು, ನೋಟೀಸು ತಲುಪಿದ 10 ದಿನಗಳೊಳಗೆ ಅವರ ಅಹವಾಲು, ಅರ್ಜಿ ತಲುಪಿದ 40 ದಿನಗಳೊಳಗೆ ತೀರ್ಮಾನ.
(ಇ) ಮೊದಲನೇ ಮೇಲ್ಮನವಿ: ಉತ್ತರ ತಲುಪಿದ ಅಥವಾ ಅವಧಿ ಮುಗಿದ 30 ದಿನಗಳೊಳಗೆ.
(ಈ) ಎರಡನೇ ಮೇಲ್ಮನವಿ: ಮೊದಲನೇ ಮೇಲ್ಮನವಿಯ ತೀರ್ಮಾನ ಆಗಬೇಕಿದ್ದ ಅಥವಾ ತಲುಪಿದ ದಿನದಿಂದ 90 ದಿನಗಳೊಳಗೆ.

ನಿರಾಕರಣೆಯ ಪತ್ರದಲ್ಲಿ ಕಾರಣ, ಮೇಲ್ಮನವಿಯ ಅವಧಿ ಹಾಗೂ ಮೇಲ್ಮನವಿ ಪ್ರಾಧಿಕಾರದ ವಿವರ ಇರಬೇಕು. ನಿರಾಕರಣೆ ಸರಿಯೆಂದು ರುಜುವಾತುಪಡಿಸುವ ಹೊಣೆ ಮಾಹಿತಿ ಅಧಿಕಾರಿಯವರದೇ. ಸಕಾರಣವಿಲ್ಲದ ವಿಳಂಬಕ್ಕೆ ಮಾಹಿತಿ ಆಯೋಗವು ದಿನಕ್ಕೆ 250 ರೂ.ನಂತೆ ಗರಿಷ್ಠ 25,000 ರೂ.ವರೆಗೆ ದಂಡ ವಿಧಿಸಬಹುದು.

7. ಗುತ್ತಿಗೆದಾರರು ಮತ್ತು ಉದ್ದಿಮೆದಾರರ ಗಮನಕ್ಕೆ

ಕಲಂ 11ರಡಿ ನೋಟೀಸು ಬಂದಾಗ "ಒಪ್ಪಿಗೆ ಇಲ್ಲ" ಎಂದು ಒಂದು ಸಾಲು ಬರೆದು ಕಳುಹಿಸಿದರೆ ಸಾಲದು. ಯಾವ ಪುಟದ ಯಾವ ವಿವರ ಗೌಪ್ಯ, ಅದು ಹೊರಬಂದರೆ ಸ್ಪರ್ಧೆಯಲ್ಲಿ ಯಾವ ಬಗೆಯ ಹಾನಿಯಾಗುವುದು ಎಂಬುದನ್ನು ವಿವರಿಸಬೇಕು. ಮೂರನೇ ವ್ಯಕ್ತಿಗೆ ಅಹವಾಲು ಹೇಳುವ ಹಕ್ಕು ಇದೆ. ಮಾಹಿತಿಯನ್ನು ತಡೆಯುವ ಅಂತಿಮ ಅಧಿಕಾರ ಇರುವುದಿಲ್ಲ. ತೀರ್ಮಾನ ಒಪ್ಪಿಗೆಯಾಗದಿದ್ದಲ್ಲಿ ಅವರೂ ಮೇಲ್ಮನವಿ ಸಲ್ಲಿಸಬಹುದು. ಟೆಂಡರ್ ಸಲ್ಲಿಸುವಾಗಲೇ ನಿಜವಾಗಿ ಗೌಪ್ಯವಾದ ಭಾಗವನ್ನು ಪ್ರತ್ಯೇಕ ಲಕೋಟೆ ಅಥವಾ ಅನುಬಂಧದಲ್ಲಿ ಗುರುತಿಸುವುದು ಉತ್ತಮ.

8. ಸಹಿ ಮಾಡುವ ಮುನ್ನ ಗಮನಿಸಬೇಕಾದ ಅಂಶಗಳು

(ಅ) ಯಾವ ಮಾಹಿತಿ ಗೌಪ್ಯವೆಂಬುದನ್ನು ಪಟ್ಟಿ ಮಾಡಿದೆಯೇ?
(ಆ) ಗೌಪ್ಯತೆಯ ಅವಧಿ ನಮೂದಾಗಿದೆಯೇ?
(ಇ) ವಿನಾಯಿತಿಗಳನ್ನು ಬರೆಯಲಾಗಿದೆಯೇ?
(ಈ) ಕರಾರಿನ ಒಂದು ಪ್ರತಿ ತಮಗೆ ದೊರೆತಿದೆಯೇ?

ವಿನಾಯಿತಿಗಾಗಿ ಈ ಮಾದರಿಯನ್ನು ಬಳಸಿಕೊಳ್ಳಬಹುದು: "ಈಗಾಗಲೇ ಬಹಿರಂಗವಾಗಿರುವ, ಪಡೆಯುವವರಿಗೆ ಮೊದಲೇ ತಿಳಿದಿದ್ದ, ಕಾನೂನಿನ ಅಥವಾ ಸಕ್ಷಮ ಪ್ರಾಧಿಕಾರದ ಆದೇಶದಂತೆ ನೀಡಬೇಕಾದ, ವಕೀಲರು ಮತ್ತು ಲೆಕ್ಕಪರಿಶೋಧಕರ ಸಲಹೆಗೆ ಅವಶ್ಯವಾದ, ಹಾಗೂ ಯಾವುದೇ ಅಪರಾಧ ಅಥವಾ ಕಾನೂನು ಉಲ್ಲಂಘನೆಯ ಬಗ್ಗೆ ಸಂಬಂಧಿಸಿದ ಅಧಿಕಾರಿಗಳಿಗೆ ತಿಳಿಸುವ ಮಾಹಿತಿಗೆ ಈ ಷರತ್ತು ಅನ್ವಯಿಸತಕ್ಕದ್ದಲ್ಲ."

9. ಎಚ್ಚರಿಕೆ

ವಿನಾಯಿತಿ ಇದೆಯೆಂದರೆ ಎಲ್ಲವನ್ನೂ ಎಲ್ಲರಿಗೂ ಸಾರಬಹುದೆಂದು ಅರ್ಥವಲ್ಲ. ತೂಕದಲ್ಲಿ ಮೋಸದ ಬಗ್ಗೆ ಸಂಬಂಧಿಸಿದ ಅಧಿಕಾರಿಗೆ ದೂರು ಕೊಡುವುದು ಬೇರೆ. ವರ್ತಕರ ಇಡೀ ಗ್ರಾಹಕರ ಪಟ್ಟಿಯನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕುವುದು ಬೇರೆ. ಮೊದಲನೆಯದಕ್ಕೆ ಕಾನೂನಿನ ಆಸರೆಯಿದೆ. ಎರಡನೆಯದರಿಂದ ನಷ್ಟ ಪರಿಹಾರದ ದಾವೆ, ತಡೆಯಾಜ್ಞೆ ಹಾಗೂ ಮಾನನಷ್ಟದ ಆಪಾದನೆಗೆ ಗುರಿಯಾಗುವ ಸಂಭವವಿದೆ. ಸರಿಯಾದ ಅಧಿಕಾರಿಗೆ, ದೂರಿಗೆ ಅವಶ್ಯವಾದಷ್ಟು ಮಾಹಿತಿಯನ್ನು, ಲಿಖಿತವಾಗಿ ನೀಡಿ ಸ್ವೀಕೃತಿ ಪಡೆಯುವುದೇ ಸುರಕ್ಷಿತ ಮಾರ್ಗ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ದರವನ್ನು ಯಾರಿಗೂ ತಿಳಿಸುವುದಿಲ್ಲವೆಂದು ಖರೀದಿದಾರರಿಗೆ ಬರೆದುಕೊಟ್ಟಿದ್ದೇನೆ. ಕೊಬ್ಬರಿಯ ತೂಕದಲ್ಲಿ ವ್ಯತ್ಯಾಸವಾಗಿದೆ. ದೂರು ಕೊಡಬಹುದೇ?
ಉತ್ತರ: ಕೊಡಬಹುದು. ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿಯವರಿಗೆ ಅಥವಾ ಕಾನೂನು ಮಾಪನಶಾಸ್ತ್ರ ಇಲಾಖೆಗೆ ತೂಕದ ಚೀಟಿಯ ಪ್ರತಿಯೊಂದಿಗೆ ದೂರು ಸಲ್ಲಿಸಿ.

ಪ್ರಶ್ನೆ: ಕೆಲಸ ಬಿಟ್ಟ ನಂತರ ಇದೇ ವೃತ್ತಿಯನ್ನು ಬೇರೆಡೆ ಮಾಡಬಾರದೆಂದು ಕರಾರಿನಲ್ಲಿದೆ. ಇದು ಊರ್ಜಿತವೇ?
ಉತ್ತರ: ಕೆಲಸ ಬಿಟ್ಟ ನಂತರವೂ ವೃತ್ತಿಯನ್ನೇ ತಡೆಯುವ ಷರತ್ತು ಕಲಂ 27ಕ್ಕೆ ವಿರುದ್ಧವಾಗುತ್ತದೆ. ಆದರೆ ಹಿಂದಿನ ಮಾಲೀಕರ ನಿಜವಾದ ವ್ಯಾಪಾರ ರಹಸ್ಯವನ್ನು ಹೊಸ ಕೆಲಸದಲ್ಲಿ ಬಳಸುವಂತಿಲ್ಲ. ಕೆಲಸದಲ್ಲಿ ಕಲಿತ ಕೌಶಲ ತಮ್ಮದೇ.

ಪ್ರಶ್ನೆ: ಷರತ್ತು ಮುರಿದರೆ 5 ಲಕ್ಷ ರೂ. ದಂಡವೆಂದು ಬರೆದಿದೆ. ಪೂರ್ತಿ ಕೊಡಬೇಕೇ?
ಉತ್ತರ: ಆ ಮೊತ್ತ ಗರಿಷ್ಠ ಮಿತಿ ಮಾತ್ರ. ನ್ಯಾಯಾಲಯವು ಅದರೊಳಗೆ ಸಮಂಜಸವೆನಿಸಿದ ಪರಿಹಾರವನ್ನು ನಿಗದಿಪಡಿಸುತ್ತದೆ.

ಪ್ರಶ್ನೆ: ಕೆರೆ ಕಾಮಗಾರಿಯ ಕರಾರಿನ ಪ್ರತಿಗೆ ಗುತ್ತಿಗೆದಾರರು ಆಕ್ಷೇಪಿಸಿದ್ದಾರೆಂದು ನಿರಾಕರಿಸಿದ್ದಾರೆ. ಮುಂದೇನು?
ಉತ್ತರ: ಆಕ್ಷೇಪಣೆ ಮಾತ್ರವೇ ನಿರಾಕರಣೆಗೆ ಕಾರಣವಾಗದು. ಮೊದಲನೇ ಮೇಲ್ಮನವಿಯಲ್ಲಿ ಕಲಂ 8(2), 10 ಮತ್ತು 11ನ್ನು ಉಲ್ಲೇಖಿಸಿ, ಕಾಮಗಾರಿಯು ಸಾರ್ವಜನಿಕ ಹಣದಿಂದ ನಡೆದಿದೆ ಎಂಬುದನ್ನು ತಿಳಿಸಿ.

ಪ್ರಶ್ನೆ: ಸಹಕಾರ ಸಂಘದ ಖರೀದಿ ಕರಾರನ್ನು ಕೇಳಬಹುದೇ?
ಉತ್ತರ: ಎಲ್ಲ ಸಹಕಾರ ಸಂಘಗಳೂ ಸಾರ್ವಜನಿಕ ಪ್ರಾಧಿಕಾರಗಳಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2013ರ ತಲಪ್ಪಾಲಂ ಸಹಕಾರಿ ಬ್ಯಾಂಕ್ ಪ್ರಕರಣದಲ್ಲಿ ತಿಳಿಸಿದೆ. ಆದರೆ ಸಹಕಾರ ಸಂಘಗಳ ನಿಬಂಧಕರು ಕಾನೂನಿನಡಿ ಸಂಘದಿಂದ ಪಡೆಯಬಹುದಾದ ಮಾಹಿತಿಯನ್ನು ಅವರ ಕಚೇರಿಯ ಮೂಲಕ ಕೋರಬಹುದು.

11. ಕಾನೂನು ನೆರವು

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಅಂಗವಿಕಲರು, ಕಾರ್ಮಿಕರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರು ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರಡಿ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಅಥವಾ ಹಾಸನದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಬಹುದು. ಸಹಾಯವಾಣಿ ಸಂಖ್ಯೆ: 15100. ಸಹಿ ಮಾಡಿದ ಕರಾರಿನ ಪ್ರತಿ, ಪತ್ರವ್ಯವಹಾರ ಹಾಗೂ ರಸೀದಿಗಳನ್ನು ತಪ್ಪದೆ ಜೊತೆಯಲ್ಲಿ ತರತಕ್ಕದ್ದು. ವಕೀಲರಿಗೆ ಕರಾರನ್ನು ತೋರಿಸಿದರೆ ಗೌಪ್ಯತೆ ಮುರಿದಂತಾಗುವುದೆಂಬ ಭಯದಿಂದ ಯಾರೂ ನೆರವು ಕೋರಲು ಹಿಂಜರಿಯಬೇಕಾಗಿಲ್ಲ.

ವಿ.ಸೂ.: ಮೇಲ್ಕಂಡ ವಿವರಣೆಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ವಿವಾದದ ಸಂದರ್ಭದಲ್ಲಿ ಆಯಾ ಅಧಿನಿಯಮ ಮತ್ತು ನಿಯಮಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ.